ರಾಸಾಯನಿಕ ಮಾಪನ ಸಂಶೋಧನೆಗೆ ದೇಶ ಯಾಕೆ ಹಣ ಹಾಕಬೇಕು? ರೆಫರೆನ್ಸ್ ಮೆಟೀರಿಯಲ್ ಕೊಂಡುಕೊಂಡರೆ ಸಾಲದೇ?

ಲೆಕ್ಕಪತ್ರ

ನೇರವಾಗಿ ಕೇಳುತ್ತೇನೆ. ಒಂದು ದೇಶದಲ್ಲಿ ಆಹಾರ, ನೀರು, ಔಷಧ, ರಕ್ತ ಪರೀಕ್ಷಿಸುವ ಲ್ಯಾಬ್‌ಗಳು ಸಾಕಷ್ಟಿವೆ ಅಂದುಕೊಳ್ಳಿ. ಎಲ್‌ಸಿ-ಎಂಎಸ್, ಐಸಿಪಿ-ಎಂಎಸ್‌ನಂಥ ಸೂಕ್ಷ್ಮ ವಿಶ್ಲೇಷಣಾ ಯಂತ್ರಗಳಿವೆ. ಪರೀಕ್ಷಾ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ/ಐಇಸಿ 17025ರ ಮಾನ್ಯತೆ ಇದೆ. ಪ್ರೊಫಿಶಿಯೆನ್ಸಿ ಟೆಸ್ಟ್‌ಗಳಲ್ಲಿ (ಪಿಟಿ, ಅಂದರೆ ಒಂದೇ ಮಾದರಿಯನ್ನು ಹಲವು ಲ್ಯಾಬ್‌ಗಳು ಅಳೆದು ಹೋಲಿಸಿಕೊಳ್ಳುವ ಪರೀಕ್ಷೆ) ಪಾಸಾಗುತ್ತಿವೆ. ಪ್ರಮಾಣಪತ್ರವಿರುವ ರೆಫರೆನ್ಸ್ ಮೆಟೀರಿಯಲ್ (ಮೌಲ್ಯ ಮೊದಲೇ ನಿಗದಿಯಾಗಿರುವ, ಅಳತೆ ತಾಳೆ ನೋಡಲು ಬಳಸುವ ವಸ್ತು; ಮುಂದೆ ಸಿಆರ್‌ಎಂ ಅನ್ನುತ್ತೇನೆ) ಬೇಕಾದಾಗ ಹೊರಗಿನಿಂದ ತರಿಸಿಕೊಳ್ಳುತ್ತವೆ. ಇಷ್ಟಿದ್ದ ಮೇಲೆ ರಾಷ್ಟ್ರೀಯ ಮಾಪನ ಸಂಸ್ಥೆ, ಅದರೊಳಗೊಂದು ರಸಾಯನ ವಿಭಾಗ, ಅಲ್ಲಿ ವರ್ಷಗಟ್ಟಲೆ ಕೂತು ಕೆಲವೇ ವಸ್ತುಗಳಿಗೆ ಮೌಲ್ಯ ನಿಗದಿ ಮಾಡುವ ವಿಜ್ಞಾನಿಗಳು, ಇದೆಲ್ಲ ಯಾಕೆ? ಕಿಲೋಗ್ರಾಂ, ಸೆಕೆಂಡ್‌ಗಳಿಗೆ ಬೇಕು, ಒಪ್ಪುತ್ತೇನೆ. "ಗುಣಮಟ್ಟ ಸುಧಾರಿಸುತ್ತದೆ" ಎಂಬಂಥ ಉತ್ತರ ದಯವಿಟ್ಟು ಬೇಡ. ಎಲ್ಲಿ ಏನು ಸೋರುತ್ತಿದೆ, ಅದನ್ನು ಈ ಸಂಶೋಧನೆ ಹೇಗೆ ತಡೆಯುತ್ತದೆ, ಅಷ್ಟು ಹೇಳಿ.

ಮೋಲ್‌ಮಾಪಕ

"ಪ್ರೊಫಿಶಿಯೆನ್ಸಿ ಟೆಸ್ಟ್ ಪಾಸಾಗುತ್ತಿವೆ" ಅಂದಿರಲ್ಲ, ತೂತು ಇರುವುದೇ ಅಲ್ಲಿ.

ಬಹಳಷ್ಟು ಪಿಟಿ ಸುತ್ತುಗಳಲ್ಲಿ ಸರಿಯುತ್ತರ ಅನ್ನುವುದು ಭಾಗವಹಿಸಿದವರದೇ ಸರಾಸರಿ. 80 ಲ್ಯಾಬ್‌ಗಳ ಪೈಕಿ 70 ಒಂದೇ ಮೂಲದ ಸ್ಟ್ಯಾಂಡರ್ಡ್ ಪುಡಿ ಬಳಸುತ್ತಿವೆ ಅನ್ನಿ. ಬಾಟಲಿಯ ಮೇಲೆ 99.8% ಅಂತಿದೆ, ನಿಜದಲ್ಲಿ 95.8% ಮಾತ್ರ. ಆಗ ಆ 70 ಲ್ಯಾಬ್‌ಗಳೂ ಪ್ರತಿ ಮಾದರಿಯನ್ನೂ ಸುಮಾರು 4% ಹೆಚ್ಚು ಓದುತ್ತವೆ, ಎಲ್ಲವೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಸುತ್ತಿನ ಸಿಗ್ಮಾ (ಒಪ್ಪಬಹುದಾದ ಹರವಿನ ಅಳತೆ) 1.5% ಆಗಿದ್ದರೆ ಸರಿಯಾಗಿ ಅಳೆದ ಲ್ಯಾಬ್‌ಗೆ ಝಡ್ ಸ್ಕೋರ್ (ಆ "ಸರಿಯುತ್ತರ"ದಿಂದ ಎಷ್ಟು ಸಿಗ್ಮಾ ದೂರ) ಮೈನಸ್ 2.5ರ ಆಸುಪಾಸು, ಷರಾ "ಪ್ರಶ್ನಾರ್ಹ". ಅದು ಗಾಬರಿಯಾಗಿ ತನ್ನ ವಿಧಾನವನ್ನು "ತಿದ್ದಿಕೊಂಡು" ತಪ್ಪಿನ ಗುಂಪಿಗೆ ಸೇರುತ್ತದೆ.

ಈ 4% ಕಾಲ್ಪನಿಕ ಅಂಕಿಯಾದರೂ ಹುಟ್ಟುವ ದಾರಿ ಕಾಲ್ಪನಿಕವಲ್ಲ. ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಯುವಿ ಡಿಟೆಕ್ಟರ್ ಕೊಡುವ 99.8% ಬರೀ ಪೀಕ್ ವಿಸ್ತೀರ್ಣದ ಪಾಲು. ಪುಡಿಯೊಳಗಿನ ನೀರು, ಉಳಿದ ದ್ರಾವಕ, ಉಪ್ಪು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸರಿಯಾದ ದಾರಿ ಮಾಸ್ ಬ್ಯಾಲೆನ್ಸ್: ಸಂಬಂಧಿತ ಕಲ್ಮಶ ಎಚ್‌ಪಿಎಲ್‌ಸಿಯಿಂದ, ನೀರು ಕಾರ್ಲ್ ಫಿಶರ್ ಟೈಟ್ರೇಶನ್‌ನಿಂದ, ದ್ರಾವಕ ಅದರ ಆವಿಯನ್ನು ಅಳೆಯುವ ಹೆಡ್‌ಸ್ಪೇಸ್ ಜಿಸಿಯಿಂದ, ಬೂದಿ ಕಾಯಿಸುತ್ತ ತೂಗುವ ಟಿಜಿಎಯಿಂದ. ನಾಲ್ಕನ್ನೂ ನೂರರಿಂದ ಕಳೆಯಬೇಕು. ಅಷ್ಟಕ್ಕೇ ಬಿಡದೆ ಕ್ವಾಂಟಿಟೇಟಿವ್ ಎನ್‌ಎಂಆರ್‌ನಿಂದ (ಕಾಂತಕ್ಷೇತ್ರದಲ್ಲಿ ಅಣುಗಳು ಕೊಡುವ ಸಿಗ್ನಲ್‌ನಿಂದ ಪ್ರಮಾಣ ಅಳೆಯುವ ವಿಧಾನ) ಬೇರೆಯಾಗಿಯೇ ತಾಳೆ ನೋಡಬೇಕು. ಅದರಲ್ಲೂ ಗುಂಡಿ ಇದೆ. 90 ಡಿಗ್ರಿ ಪಲ್ಸ್‌ಗಳ ನಡುವೆ ಟಿ1ನ (ಪಲ್ಸ್ ಆದ ಮೇಲೆ ಸಿಗ್ನಲ್ ಮತ್ತೆ ತುಂಬಿಕೊಳ್ಳುವ ಕಾಲದ ಅಳತೆ) 5 ಪಟ್ಟು ಕಾದರೆ ಸಿಗ್ನಲ್ ಇನ್ನೂ 0.7% ಬಾಕಿ ಇರುತ್ತದೆ. 7 ಪಟ್ಟು ಕಾದರೆ 0.1%. ಇಂಟರ್ನಲ್ ಸ್ಟ್ಯಾಂಡರ್ಡ್‌ನ (ಹೋಲಿಕೆಗೆ ಜೊತೆಗೆ ಹಾಕುವ ವಸ್ತು) ಟಿ1 ಬೇರೆ, ನಿಮ್ಮ ವಸ್ತುವಿನ ಟಿ1 ಬೇರೆ. ಎರಡರಲ್ಲಿ ಉದ್ದದ್ದನ್ನು ಹಿಡಿಯದಿದ್ದರೆ ಆ ಅರ್ಧ ಪರ್ಸೆಂಟ್ ಸೀದಾ ಪ್ರಮಾಣಪತ್ರಕ್ಕೆ ಹೋಗಿ ಕೂರುತ್ತದೆ, ಅಲ್ಲಿಂದ ದೇಶದ ಎಲ್ಲ ಲ್ಯಾಬ್‌ಗಳಿಗೆ.

ದಿನದ ಕೆಲಸದ ಲ್ಯಾಬ್ ಇದನ್ನು ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಹತ್ತು ಸಲ ಇಂಜೆಕ್ಟ್ ಮಾಡಿದರೆ ಹತ್ತೂ ಸಲ ಒಂದೇ ಉತ್ತರ ಬರುತ್ತದೆಯೇ ಎಂದು ಅದು ನೋಡಿಕೊಳ್ಳಬಲ್ಲದು. ಹತ್ತೂ ಒಟ್ಟಿಗೆ ಪಕ್ಕಕ್ಕೆ ಸರಿದಿದ್ದರೆ ಒಳಗಿನಿಂದ ತಿಳಿಯುವ ದಾರಿ ಇಲ್ಲ.

ಸೀರಂ_ಸಂಗತಿ

ಹಣದ ಲೆಕ್ಕ ಕೇಳಿದಿರಿ. ರಕ್ತದ ಕ್ಯಾಲ್ಸಿಯಂ ಬಗ್ಗೆ ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆ ಎನ್‌ಐಎಸ್‌ಟಿಗಾಗಿ ಮಾಡಿದ 2004ರ ಒಂದು ಅಧ್ಯಯನ ಇದೆ. ಕ್ಯಾಲಿಬ್ರೇಶನ್ 0.1 ಮಿ.ಗ್ರಾಂ/ಡೆಸಿಲೀಟರ್ ಸರಿದರೆ ಆ ದೇಶದಲ್ಲಿ ವರ್ಷಕ್ಕೆ 6 ಕೋಟಿ ಡಾಲರ್, 0.5 ಸರಿದರೆ 19.9 ಕೋಟಿ ಡಾಲರ್‌ವರೆಗೆ ಹೆಚ್ಚುವರಿ ವೆಚ್ಚ ಬೀಳಬಹುದು ಎಂದು ಅದರ ಅಂದಾಜು. ಸಾಮಾನ್ಯ ಮೌಲ್ಯ ಸುಮಾರು 8.5ರಿಂದ 10.2, ಅದರಲ್ಲಿ 0.1 ಅಂದರೆ ಬರೀ ಒಂದು ಪರ್ಸೆಂಟ್. ಅಷ್ಟಕ್ಕೇ ಇಷ್ಟು ವೆಚ್ಚ ಯಾಕೆಂದರೆ, ಆರೋಗ್ಯವಂತರಲ್ಲಿ ಕ್ಯಾಲ್ಸಿಯಂನ ಹರವು ಬಹಳ ಕಿರಿದು. ಮೇಲಿನ ಗೆರೆಯ ಹತ್ತಿರ ಜನ ಒತ್ತೊತ್ತಾಗಿರುತ್ತಾರೆ. ಗೆರೆ ಕೂದಲೆಳೆಯಷ್ಟು ಜರುಗಿದರೂ ದೊಡ್ಡ ಸಂಖ್ಯೆಯ ಜನ "ಹೆಚ್ಚಿದೆ" ಕಡೆಗೆ ಬೀಳುತ್ತಾರೆ. ಆಮೇಲೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ, ಸ್ಕ್ಯಾನ್, ಮರುಭೇಟಿ.

ಕಿಡ್ನಿ ಆರೋಗ್ಯ ನೋಡಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಕಥೆ ಇನ್ನೂ ಸ್ಪಷ್ಟ. ಅದನ್ನು ಅಳೆಯುವ ಯಾಫೆ ವಿಧಾನ 1886ರದ್ದು, ಅಗ್ಗ, ಇಂದಿಗೂ ಬಳಕೆಯಲ್ಲಿದೆ. ಪಿಕ್ರಿಕ್ ಆಮ್ಲ ಕ್ರಿಯಾಟಿನಿನ್ ಜೊತೆಗೆ ಪ್ರೋಟೀನ್, ಗ್ಲೂಕೋಸ್, ಕೀಟೋನ್, ಕೆಲವು ಸೆಫಲೋಸ್ಪೊರಿನ್‌ಗಳಿಗೂ ಬಣ್ಣ ಕೊಡುತ್ತದೆ. ಬಿಲಿರುಬಿನ್ ಇದ್ದರೆ ಉತ್ತರ ತಗ್ಗುತ್ತದೆ. ಐಸೋಟೋಪ್ ಡೈಲ್ಯೂಶನ್ ಮಾಸ್ ಸ್ಪೆಕ್ಟ್ರೋಮೆಟ್ರಿಗೆ, ಅಂದರೆ ಐಡಿಎಂಎಸ್‌ಗೆ, ಕ್ಯಾಲಿಬ್ರೇಶನ್ ಕಟ್ಟಿಹಾಕಿದ ಮೇಲೆ ಕ್ರಿಯಾಟಿನಿನ್ ಓದು ಇಳಿಯಿತು. ಹಾಗಾಗಿ ಕಿಡ್ನಿ ಸೋಸುವ ವೇಗದ (ಜಿಎಫ್‌ಆರ್) ಅಂದಾಜಿಗೆ ಬಳಸುವ ಎಂಡಿಆರ್‌ಡಿ ಸೂತ್ರದ ಗುಣಕ 186ರಿಂದ 175ಕ್ಕೆ ಬದಲಾಯಿತು. ಹೊಸ ಕ್ಯಾಲಿಬ್ರೇಟರ್ ಹಾಕಿ, ಸಾಫ್ಟ್‌ವೇರ್‌ನಲ್ಲಿ ಹಳೆಯ 186 ಹಾಗೇ ಬಿಟ್ಟರೆ ಪ್ರತಿ ರೋಗಿಯ ಕಿಡ್ನಿಯೂ 6% ಚೆನ್ನಾಗಿ ಕಾಣುತ್ತದೆ. ಕಾರ್ಬೋಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧದ ಪ್ರಮಾಣ ನಿರ್ಧಾರವಾಗುವುದು ಎಯುಸಿ × (ಜಿಎಫ್‌ಆರ್ + 25) ಸೂತ್ರದಿಂದ; ಎಯುಸಿ ಅಂದರೆ ರಕ್ತದಲ್ಲಿ ಔಷಧ ಒಟ್ಟು ಎಷ್ಟಿರಬೇಕು ಎಂಬ ಗುರಿ. ಅಂದಾಜು ಜಿಎಫ್‌ಆರ್ ಏರಿದರೆ ಡೋಸ್ ಏರಿತು. ಅದಕ್ಕೇ ಅಮೆರಿಕದ ಎಫ್‌ಡಿಎ 2010ರಲ್ಲಿ ಈ ಲೆಕ್ಕದ ಜಿಎಫ್‌ಆರ್‌ಗೆ 125ರ ಮಿತಿ ಹಾಕಲು ಹೇಳಿತು. ನಿಖರತೆ ಹೆಚ್ಚಿಸುವ ಬದಲಾವಣೆಯೂ ಮುಂದಿನ ಸೂತ್ರಗಳನ್ನು ಕೆಡಿಸಬಲ್ಲದು. ಅದನ್ನು ಮೊದಲೇ ಹೇಳುವವರು ದೇಶದಲ್ಲಿ ಇರಬೇಕು.

ಲೆಕ್ಕಪತ್ರ

ಸರಿ, ಲಾಭ ಇದೆ. ಆದರೆ ಇದು ಅಮೆರಿಕ ಮಾಡಿದ ಕೆಲಸ. ಉಪಕರಣ ಕಂಪನಿಗಳು ಅದಕ್ಕೆ ಕ್ಯಾಲಿಬ್ರೇಟ್ ಮಾಡಿಕೊಂಡವು, ಜಗತ್ತಿಗೆಲ್ಲ ಪ್ರಯೋಜನವಾಯಿತು. ಇನ್ನೊಂದು ದೇಶ ಅದನ್ನೇ ಮತ್ತೆ ಯಾಕೆ ಮಾಡಬೇಕು? ಊಟ ಬಡಿಸಿಟ್ಟಿರುವಾಗ ಒಲೆ ಹಚ್ಚುವುದೇಕೆ?

ಇನ್ನೊಂದು. ಐಡಿಎಂಎಸ್ ಎಂದರೆ ಎಲ್ಲರೂ ಕೈಮುಗಿಯುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ಸೀರಂ_ಸಂಗತಿ

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ, ಕೊಲೆಸ್ಟೆರಾಲ್ ಹಿಡಿದು.

ಸೀರಂ ಅನ್ನು ಪಿಪೆಟ್‌ನಿಂದ ಅಳೆದು ಬಿಡುವುದಿಲ್ಲ, ತೂಗುತ್ತಾರೆ. ಮೂರು ಕಾರ್ಬನ್-13 ಪರಮಾಣು ಸೇರಿಸಿ ತಯಾರಿಸಿದ ಕೊಲೆಸ್ಟೆರಾಲ್ ದ್ರಾವಣವನ್ನು, ಅದೇ ಸ್ಪೈಕ್, ತೂಗಿ ಹಾಕುತ್ತಾರೆ. ಸಹಜ ಮತ್ತು ಸ್ಪೈಕ್ ಅನುಪಾತ 1ರ ಹತ್ತಿರ ಬರುವಂತೆ ಅಂದಾಜಿಸಿ ಹಾಕಬೇಕು. 1:20 ಆದರೆ ಅನುಪಾತದ ತಪ್ಪು ಹಿಗ್ಗುತ್ತದೆ. ಆಮೇಲೆ ಆಲ್ಕೊಹಾಲ್‌ನಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿ ಮಾಡಿ ಎಸ್ಟರ್ ಒಡೆಯುವುದು, ಹೆಕ್ಸೇನ್‌ಗೆ ಎಳೆಯುವುದು, ಒಣಗಿಸಿ ಸಿಲೈಲೇಶನ್ (ಸುಲಭವಾಗಿ ಆವಿಯಾಗುವಂತೆ ಮಾಡುವುದು), ಜಿಸಿ-ಎಂಎಸ್‌ನಲ್ಲಿ 458 (ಸಹಜ) ಮತ್ತು 461 (ಸ್ಪೈಕ್) ಅಯಾನುಗಳ ಅನುಪಾತ. ಪ್ರತಿ ಮಾದರಿಯ ಹಿಂದೆ ಒಂದು, ಮುಂದೆ ಒಂದು ಕ್ಯಾಲಿಬ್ರೇಶನ್ ಮಿಶ್ರಣ.

ಇದರ ಬಲ ಇಷ್ಟೇ: ಸ್ಪೈಕ್ ಬೆರೆತು ಸಮವಾದ ಮೇಲೆ ಅರ್ಧ ಚೆಲ್ಲಿ ಹೋದರೂ ಅನುಪಾತ ಬದಲಾಗುವುದಿಲ್ಲ. ಕೆಡುವುದು ಸಮವಾಗುವ ಮೊದಲು. ಪ್ಲಾಸ್ಮಾದಲ್ಲಿ ಸುಮಾರು ಮೂರನೇ ಎರಡು ಪಾಲು ಕೊಲೆಸ್ಟೆರಾಲ್ ಎಸ್ಟರ್ ರೂಪದಲ್ಲಿದೆ. ಸ್ಪೈಕ್ ಪೂರ್ತಿ ಬಿಡಿ ರೂಪದಲ್ಲಿದೆ. ಎಸ್ಟರ್ ಪೂರ್ತಿ ಒಡೆಯದಿದ್ದರೆ ಉತ್ತರ ಕಡಿಮೆ ಬರುತ್ತದೆ, ಅನುಪಾತ ನೋಡಲು ಮಾತ್ರ ಅತ್ಯಂತ ಸ್ಥಿರ. ಬಿಸಿ ಮಾಡುವ ಸಮಯವನ್ನು ಹೆಚ್ಚಿಸುತ್ತ ಹೋಗಿ ಉತ್ತರ ಏರುವುದು ನಿಂತಿದೆಯೇ ಎಂದು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ಎಡವಟ್ಟು, ಕಾರ್ಬನ್-13 ದುಬಾರಿಯೆಂದು ಡ್ಯೂಟೀರಿಯಂ ಸ್ಪೈಕ್ ಕೊಳ್ಳುವುದು. ಅದು ಕಾಲಂನಿಂದ ತುಸು ಮುಂಚೆ ಹೊರಬರುತ್ತದೆ. ಎಲ್‌ಸಿ-ಎಂಎಸ್‌ನಲ್ಲಿ ಆ ಕ್ಷಣದ ಅಯಾನು ಸಪ್ರೆಶನ್ (ಜೊತೆಗಿರುವ ವಸ್ತುಗಳಿಂದ ಸಿಗ್ನಲ್ ಕುಗ್ಗುವುದು) ಬೇರೆ, ಸಹಜದ್ದು ಬರುವಾಗಿನ ಸಪ್ರೆಶನ್ ಬೇರೆ. ಅಲ್ಲಿಗೆ ಐಡಿಎಂಎಸ್ ಹೆಸರಿಗಷ್ಟೇ.

ಬೂಷ್ಟುಬೇಟೆ

ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ: ಬಡಿಸಿಟ್ಟ ಊಟದಲ್ಲಿ ನಿಮ್ಮ ಬೆಳೆ ಇರುವುದಿಲ್ಲ. ಯಾವ ದೇಶದ ಸಂಸ್ಥೆಯೂ ತನ್ನ ವ್ಯಾಪಾರಕ್ಕೆ, ತನ್ನ ಜನರ ಊಟಕ್ಕೆ ಬೇಕಾದ ಮ್ಯಾಟ್ರಿಕ್ಸ್‌ನಲ್ಲಿ (ಅಳೆಯಬೇಕಾದ್ದು ಸೇರಿಕೊಂಡಿರುವ ಹಿಟ್ಟು, ಪುಡಿಯಂಥ ಮೂಲವಸ್ತು) ಸಿಆರ್‌ಎಂ ಮಾಡುತ್ತದೆ. ಒಣಮೆಣಸಿನ ಪುಡಿಯ ಬಣ್ಣ, ಎಣ್ಣೆ ಎಕ್ಸ್‌ಟ್ರಾಕ್ಷನ್ ಕೆಡಿಸುವ ರೀತಿಯನ್ನು ಜೋಳದ ಹಿಟ್ಟಿನ ಸಿಆರ್‌ಎಂ ಬಯಲು ಮಾಡುವುದಿಲ್ಲ.

ವ್ಯಾಪಾರದ ಲೆಕ್ಕ ನೋಡಿ. ನೇರ ಬಳಕೆಯ ಕಡಲೆಕಾಯಿಗೆ ಯುರೋಪಿಯನ್ ಒಕ್ಕೂಟದ ಅಫ್ಲಾಟಾಕ್ಸಿನ್ ಬಿ1 (ಬೂಷ್ಟಿನ ವಿಷ) ಮಿತಿ ಕೆ.ಜಿ.ಗೆ 2 ಮೈಕ್ರೋಗ್ರಾಂ. ಮಾರುವವರ ಲ್ಯಾಬ್ 1.6 ಅಂತ ಬರೆಯಿತು. ಅದರ ವಿಧಾನದ ರಿಕವರಿ (ಮಾದರಿಯಲ್ಲಿದ್ದುದರಲ್ಲಿ ಅಳತೆಗೆ ಸಿಕ್ಕುವ ಪಾಲು) 75%, ಆದರೆ ಅದನ್ನು ಸರಿದೂಗಿಸಿಲ್ಲ. ಕೊಳ್ಳುವ ಕಡೆಯವರು ಸರಿದೂಗಿಸುತ್ತಾರೆ: 1.6 ಭಾಗಿಸು 0.75, ಅಂದರೆ 2.13. ಇಬ್ಬರ ಉಪಕರಣವೂ ಚೆನ್ನಾಗಿದೆ, ಸರಕು ಬಂದರಿನಲ್ಲಿ ನಿಂತಿದೆ. ಪೂರ್ತಿ ಕಾರ್ಬನ್-13 ಆಗಿರುವ ಅಫ್ಲಾಟಾಕ್ಸಿನ್ ಸ್ಪೈಕ್ ಹಾಕಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ.

ಅನಿಶ್ಚಿತತೆಯೂ ದುಡ್ಡೇ. ಅಲ್ಲಿನ ನಿಯಮದಲ್ಲಿ ಅಳತೆಯ ಅನಿಶ್ಚಿತತೆ ಕಳೆದ ಮೇಲೂ ಮಿತಿ ಮೀರಿದ್ದರೆ ಮಾತ್ರ ಸರಕು ತಿರಸ್ಕಾರ. ಫಲಿತಾಂಶ 2.3, ಅನಿಶ್ಚಿತತೆ 0.5 ಆದರೆ 1.8, ಪಾಸು. ಅನಿಶ್ಚಿತತೆ 0.2 ಆದರೆ 2.1, ಫೇಲು. ಮಾರುವವರ ಕಡೆ ಇದು ತಿರುಗುಮುರುಗು. ಧೈರ್ಯವಾಗಿ ಹಡಗಿಗೆ ಹಾಕಬೇಕಾದರೆ ತನ್ನ ಫಲಿತಾಂಶ, ತನ್ನ ಅನಿಶ್ಚಿತತೆ ಎರಡೂ ಕೂಡಿ 2ರೊಳಗೆ ಇರಬೇಕು. 0.8 ಅನಿಶ್ಚಿತತೆಯ ಲ್ಯಾಬ್ ಇಟ್ಟುಕೊಂಡವರು 1.2ರ ಮೇಲಿನದ್ದನ್ನೆಲ್ಲ ಪಕ್ಕಕ್ಕಿಡಬೇಕು, 0.3 ಇದ್ದವರು 1.7ರವರೆಗೆ ಕಳಿಸಬಹುದು. ಒಳ್ಳೆಯ ಸರಕೇ ಅನುಮಾನದ ಮೇಲೆ ಅಗ್ಗಕ್ಕೆ ಹೋಗುತ್ತದೆ. ಈ ನಷ್ಟ ಯಾವ ದಾಖಲೆಯಲ್ಲೂ ಕಾಣುವುದಿಲ್ಲ.

ಆದರೆ ಮಾಪನ ಸಂಸ್ಥೆಯವರಿಗೂ ಒಂದು ಮಾತು. ಅಫ್ಲಾಟಾಕ್ಸಿನ್‌ನಲ್ಲಿ ತಪ್ಪಿನ ಬಹುಪಾಲು ಸ್ಯಾಂಪ್ಲಿಂಗ್‌ನಲ್ಲಿದೆ. ವಿಷ ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ. ದೊಡ್ಡ ಲಾಟಿನಲ್ಲಿ 100 ಕಡೆಯಿಂದ ಕೈಹಾಕಿ ಒಟ್ಟು 20 ಕೆ.ಜಿ. ತೆಗೆಯಿರಿ ಅನ್ನುವುದು ಅದಕ್ಕೇ. ಆ 20 ಕೆ.ಜಿ.ಯನ್ನು ಒಣಗಿದ್ದಾಗಲೇ ಮಿಕ್ಸಿಗೆ ಹಾಕಿ 25 ಗ್ರಾಂ ತೆಗೆದರೆ ಮುಗಿಯಿತು ಕಥೆ. ನೀರು ಸೇರಿಸಿ ಸ್ಲರಿ ಮಾಡಿ ತೆಗೆದರೆ ಕಣ ಸಣ್ಣದಾಗಿ ಸಮನಾಗುತ್ತದೆ. ಮೂಟೆಯ ಬಾಯಿಂದ ಒಂದು ಹಿಡಿ ತಂದವರಿಗೆ ಯಾವ ಐಡಿಎಂಎಸ್ ಕೊಟ್ಟರೂ ವ್ಯರ್ಥ.

ಬ್ಲ್ಯಾಂಕ್_ಕಾವಲು

ಅಳತೆ ತಪ್ಪಾದರೆ ನೀತಿ ಎಷ್ಟು ದಾರಿ ತಪ್ಪುತ್ತದೆ ಅನ್ನುವುದಕ್ಕೆ ಟ್ಯೂನಾ ಮೀನಿನ ಸೀಸದಷ್ಟು ಒಳ್ಳೆಯ ಉದಾಹರಣೆ ಇಲ್ಲ. ಕ್ಲೇರ್ ಪ್ಯಾಟರ್ಸನ್, ಭೂಮಿಯ ವಯಸ್ಸನ್ನು ಸೀಸದ ಐಸೋಟೋಪ್‌ಗಳಿಂದ ಅಳೆದವರು, ತಮ್ಮ ಅತಿಶುದ್ಧ ಲ್ಯಾಬ್‌ನಲ್ಲಿ ತಾಜಾ ಟ್ಯೂನಾ ಮಾಂಸದಲ್ಲಿ ಗ್ರಾಂಗೆ 0.3 ನ್ಯಾನೋಗ್ರಾಂ ಸೀಸ ಕಂಡರು. 1980ರಲ್ಲಿ ಪ್ರಕಟವಾಯಿತು. ಅದೇ ಬಗೆಯ ಮೀನಿಗೆ ಸರ್ಕಾರಿ ಲ್ಯಾಬ್‌ನ ಅಂಕಿ 400. ಸೀಸದ ಬೆಸುಗೆಯ ಡಬ್ಬಿಯಲ್ಲಿಟ್ಟ ಟ್ಯೂನಾದಲ್ಲಿ 1,400.

ಈಗ ನೋಡಿ. 400 ನಂಬಿದರೆ ಡಬ್ಬಿ ಸೀಸವನ್ನು ಮೂರೂವರೆ ಪಟ್ಟು ಮಾಡಿದೆ, ಅಷ್ಟೇನೂ ಗಾಬರಿಯಿಲ್ಲ. 0.3 ನಂಬಿದರೆ 4,000 ಪಟ್ಟಿಗೂ ಹೆಚ್ಚು. ಬೆಸುಗೆ ನಿಲ್ಲಿಸಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಎರಡು ಅಂಕಿಗಳು ಎರಡು ಬೇರೆ ಉತ್ತರ ಕೊಡುತ್ತವೆ. ಸರ್ಕಾರಿ ಲ್ಯಾಬ್ ಅಳೆದದ್ದು ಮೀನಿನ ಸೀಸವನ್ನಲ್ಲ, ತನ್ನದೇ ಗಾಳಿ, ಆಮ್ಲ, ಚಾಕುವಿನ ಸೀಸವನ್ನು.

ಬ್ಲ್ಯಾಂಕ್ (ಮಾದರಿ ಹಾಕದೆ ಅದೇ ವಿಧಾನ ನಡೆಸಿದಾಗ ಬರುವ ಓದು) ಕಳೆದುಬಿಟ್ಟರೆ ಸರಿಹೋಗುತ್ತದೆ ಅನ್ನುವವರಿಗೆ: ಬ್ಲ್ಯಾಂಕ್‌ನ ಸರಾಸರಿಯನ್ನು ಕಳೆಯಬಹುದು, ಅದರ ಏರಿಳಿತವನ್ನು ಕಳೆಯಲಾಗದು. ಪ್ರತಿ ಬ್ಯಾಚ್‌ಗೆ ಒಂದೇ ಬ್ಲ್ಯಾಂಕ್ ಇಟ್ಟವರಿಗೆ ಏರಿಳಿತ ಗೊತ್ತೇ ಆಗುವುದಿಲ್ಲ; ಕನಿಷ್ಠ ಮೂರಾದರೂ ಬೇಕು, ಆರಿದ್ದರೆ ಒಳ್ಳೆಯದು. ಆಮ್ಲವನ್ನು ಕುದಿಯುವ ಬಿಂದುವಿಗಿಂತ ಕೆಳಗೆ ಭಟ್ಟಿ ಇಳಿಸಿ ಪಿಎಫ್‌ಎ ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಪೌಡರ್ ಹಚ್ಚಿದ ಕೈಗವಸು ಸತುವಿಗೆ ಶತ್ರು. ಬಣ್ಣದ ಪಿಪೆಟ್ ತುದಿಗಳನ್ನು ಆಮ್ಲದಲ್ಲಿ ತೊಳೆದು ಕ್ಯಾಡ್ಮಿಯಂ ನೋಡದೆ ಬಳಸಬೇಡಿ. ಪಾದರಸದಲ್ಲಿ ಕಥೆ ಉಲ್ಟಾ, ಅದು ಪಾಲಿಥಿನ್ ಬಾಟಲಿಯ ಗೋಡೆಗೆ ಸೇರಿ ಮಾಯವಾಗುತ್ತದೆ. ಚಿನ್ನದ ದ್ರಾವಣ ಅಥವಾ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಹಿಡಿದಿಡಬೇಕು. ಅದೇ ಹೈಡ್ರೋಕ್ಲೋರಿಕ್ ಆಮ್ಲವನ್ನು ಆರ್ಸೆನಿಕ್ ಮಾದರಿಗೂ ಹಾಕಿದರೆ ಐಸಿಪಿ-ಎಂಎಸ್‌ನಲ್ಲಿ ಯಂತ್ರದ ಆರ್ಗಾನ್-40, ಆಮ್ಲದ ಕ್ಲೋರಿನ್-35 ಕೂಡಿ 75ರ ದ್ರವ್ಯರಾಶಿಯಲ್ಲಿ ಇಲ್ಲದ ಆರ್ಸೆನಿಕ್ ಕಾಣಿಸುತ್ತದೆ. ಹೀಲಿಯಂ ಸೆಲ್ ಹಾಕಿ, ಇಲ್ಲವೇ ಆಮ್ಲಜನಕ ಬಿಟ್ಟು, ಆರ್ಸೆನಿಕ್ ಅದರೊಡನೆ ಕೂಡಿ ಬರುವ 91ರಲ್ಲಿ ಅಳೆಯಿರಿ.

ಪುಟಕ್ಕಿಟ್ಟ_ಚಿನ್ನ

ಒಂದು ಟನ್ ಚಿನ್ನದ ಮೇಲೆ ಸಾವಿರಕ್ಕೊಂದು ಪಾಲು ತಪ್ಪಾದರೆ ಒಂದು ಕೆ.ಜಿ. ಚಿನ್ನ ಕೈಬದಲಾಗುತ್ತದೆ. ಇದಕ್ಕಿಂತ ಸರಳವಾದ ಹಣದ ಲೆಕ್ಕ ಇಲ್ಲ.

ಎಕ್ಸ್-ಕಿರಣ ಬಿಟ್ಟು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಮೇಲಿನ ಕೆಲವೇ ಮೈಕ್ರೋಮೀಟರ್ ನೋಡುತ್ತದೆ, ಲೇಪ ಇದ್ದರೆ ಲೇಪವನ್ನೇ ಅಳೆಯುತ್ತದೆ. ಕೊನೆಯ ಮಾತು ಇನ್ನೂ ಫೈರ್ ಅಸ್ಸೇಯದ್ದೇ: ಸುಮಾರು 250 ಮಿ.ಗ್ರಾಂ ತೂಗಿ, ಚಿನ್ನದ ಎರಡೂವರೆ ಪಟ್ಟು ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಮೆಗ್ನೀಷಿಯಾ ಕ್ಯೂಪೆಲ್‌ನಲ್ಲಿ (ಕರಗಿದ ಸೀಸವನ್ನು ಹೀರುವ ಬಟ್ಟಲು) 1,050 ಡಿಗ್ರಿಯ ಮೇಲೆ ಕಾಯಿಸಿ, ಉಳಿದ ಮಣಿಯನ್ನು ತೆಳ್ಳಗೆ ತಟ್ಟಿ ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ತೆಗೆದು, ಕಾಯಿಸಿ ತೂಗುವುದು. ಚಿನ್ನ ಸ್ವಲ್ಪ ಕ್ಯೂಪೆಲ್‌ಗೆ ಇಳಿಯುತ್ತದೆ, ಬೆಳ್ಳಿ ಸ್ವಲ್ಪ ಚಿನ್ನದಲ್ಲೇ ಉಳಿಯುತ್ತದೆ. ಅದಕ್ಕೆ ಅದೇ ಕುಲುಮೆಯಲ್ಲಿ ಪಕ್ಕದಲ್ಲೇ ಶುದ್ಧ ಚಿನ್ನದ ಪ್ರೂಫ್ ಇಟ್ಟು, ಅದರ ವ್ಯತ್ಯಾಸವನ್ನು ಮಾದರಿಗೆ ಸರಿದೂಗಿಸುತ್ತಾರೆ. ಪ್ರೂಫ್ ಚಿನ್ನದ ಶುದ್ಧತೆಯನ್ನು ಯಾರು ಹೇಳಿದರು ಅನ್ನುವಲ್ಲಿಗೆ ಮತ್ತೆ ಮೋಲ್‌ಮಾಪಕ ಅವರ ಮೊದಲ ಉತ್ತರಕ್ಕೇ ಬರುತ್ತೇವೆ.

ಸಿಲಿಂಡರ್

ಗ್ಯಾಸ್ ಬಗ್ಗೆ ಯಾರೂ ಬರೆದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಕ್ಕೆ 2ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಏರುತ್ತಿದೆ. ಬೇರೆ ಬೇರೆ ಕೇಂದ್ರಗಳ ಅಂಕಿಗಳು ಉತ್ತರ ಗೋಳಾರ್ಧದಲ್ಲಿ 0.1 ಪಿಪಿಎಂ ಒಳಗೆ ಹೊಂದಬೇಕು ಎಂಬುದು ವಿಶ್ವ ಹವಾಮಾನ ಸಂಸ್ಥೆಯ ಗುರಿ. ಎರಡು ಕೇಂದ್ರಗಳ ವ್ಯತ್ಯಾಸದಿಂದಲೇ ಯಾವ ಪ್ರದೇಶ ಎಷ್ಟು ಹೊಗೆ ಬಿಟ್ಟಿತು, ಯಾವ ಕಾಡು ಎಷ್ಟು ಹೀರಿತು ಎಂದು ಲೆಕ್ಕ ಹಾಕುವುದು. ಅರ್ಧ ಪಿಪಿಎಂ ತಪ್ಪಿದರೆ ಇಲ್ಲದ ಕಾಡು ಹುಟ್ಟುತ್ತದೆ.

400 ಪಿಪಿಎಂನ ಪ್ರಮಾಣಿತ ಮಿಶ್ರಣ ಮಾಡುವುದು ಎಷ್ಟು ಕಷ್ಟ ನೋಡಿ. ಒಂದು ಕೆ.ಜಿ. ಗಾಳಿಗೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಸುಮಾರು 0.6 ಗ್ರಾಂ. 0.1 ಪಿಪಿಎಂ ಅಂದರೆ ಅದರಲ್ಲಿ 0.15 ಮಿ.ಗ್ರಾಂ. ಹತ್ತು ಕೆ.ಜಿ. ತೂಗುವ ಸಿಲಿಂಡರ್ ಮೇಲೆ 0.15 ಮಿ.ಗ್ರಾಂ ಅನ್ನು ನಂಬುವಂತೆ ತೂಗುವುದು ಬಹಳ ಕಷ್ಟ. ಹಾಗಾಗಿ ಚಿಕ್ಕ ಪಾತ್ರೆಯಲ್ಲಿ ಪ್ರತ್ಯೇಕ ತೂಗಿ ವರ್ಗಾಯಿಸಬೇಕು, ಅಥವಾ ಗಟ್ಟಿ ಮಿಶ್ರಣ ಮಾಡಿ ಹಂತಹಂತವಾಗಿ ತೆಳು ಮಾಡಬೇಕು. 5 ಲೀಟರ್ ಸಿಲಿಂಡರ್ ಆರು ಗ್ರಾಂಗೂ ಹೆಚ್ಚು ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಕೋಣೆಯ ಗಾಳಿಯ ಸಾಂದ್ರತೆ 1% ಬದಲಾದರೆ ತೂಕ 60 ಮಿ.ಗ್ರಾಂ ಓಡಾಡುತ್ತದೆ. ಅದಕ್ಕೆ ಅದೇ ಆಕಾರದ ಖಾಲಿ ಸಿಲಿಂಡರನ್ನು ಜೊತೆಗಿಟ್ಟು ಒಂದಾದ ಮೇಲೊಂದು ತೂಗುವುದು.

ಇಷ್ಟೆಲ್ಲ ಮಾಡಿದ ಮೇಲೆ ಗೋಡೆ ಮೋಸ ಮಾಡುತ್ತದೆ. ತುಂಬಿದಾಗ ಒಳಗೋಡೆಗೆ ಅಂಟಿದ ಕಾರ್ಬನ್ ಡೈಆಕ್ಸೈಡ್, ಒತ್ತಡ ಇಳಿದಂತೆ ಬಿಟ್ಟುಕೊಳ್ಳುತ್ತದೆ. ಖಾಲಿಯಾಗುತ್ತ ಬಂದ ಸಿಲಿಂಡರ್ ಹೆಚ್ಚು ತೋರಿಸುತ್ತದೆ. ಕೊನೆಯ ಹನಿಯವರೆಗೂ ಬಳಸಿ ಉಳಿತಾಯ ಮಾಡುವ ಕೇಂದ್ರಗಳ ಅಂಕಿಗಳಲ್ಲಿ ಈ ಗುರುತು ಸಿಗುತ್ತದೆ.

ಲೆಕ್ಕಪತ್ರ

ಮ್ಯಾಟ್ರಿಕ್ಸ್ ವಾದ ಒಪ್ಪಿಗೆ. ಸಿಲಿಂಡರ್ ಅವರದ್ದು ಕೆಲವೇ ದೇಶಗಳು ಸೇರಿ ಮಾಡುವ ಕೆಲಸ, ಎಲ್ಲರಿಗೂ ಬೇಕಿಲ್ಲ ಅನ್ನಿಸುತ್ತದೆ. ಸರಿ, ಮಧ್ಯಮ ಗಾತ್ರದ ಒಂದು ದೇಶ ಸೀಮಿತ ಹಣದಲ್ಲಿ ಶುರು ಮಾಡಬೇಕು. ಏನು ಮೊದಲು? ಮತ್ತೆ, ಅದು ಅಳೆದದ್ದನ್ನು ಹೊರದೇಶ ಯಾಕೆ ಒಪ್ಪಬೇಕು?

ಮೋಲ್‌ಮಾಪಕ

ಎರಡನೆಯದು ಸುಲಭ. 1999ರ ಸಿಐಪಿಎಂ (ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಸಮಿತಿ) ಪರಸ್ಪರ ಮಾನ್ಯತಾ ಒಪ್ಪಂದ ಇದೆ. 1993ರಲ್ಲಿ ಶುರುವಾದ ಸಿಸಿಕ್ಯುಎಂ ಎಂಬ ಸಲಹಾ ಸಮಿತಿ ರಸಾಯನಕ್ಕೆ ಹೋಲಿಕೆ ಸುತ್ತು ನಡೆಸುತ್ತದೆ. ಒಂದೇ ಮಾದರಿ ಎಲ್ಲ ಸಂಸ್ಥೆಗಳಿಗೆ ಹೋಗುತ್ತದೆ, ಫಲಿತಾಂಶ, ಅನಿಶ್ಚಿತತೆ, ಎಷ್ಟು ದೂರ ಸರಿದಿರಿ ಎಲ್ಲವೂ ಹೆಸರಿನ ಸಮೇತ ಪ್ರಕಟವಾಗುತ್ತವೆ. ಅಲ್ಲಿ ತೋರಿಸಿಕೊಂಡ ಸಾಮರ್ಥ್ಯವನ್ನು ಸಹ ಸಂಸ್ಥೆಗಳು ಪರಿಶೀಲಿಸಿದ ಮೇಲೆ ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಬ್ಯೂರೋ ಬಿಐಪಿಎಂನ ದತ್ತಾಂಶಕೋಶಕ್ಕೆ ಸೇರಿಸುತ್ತಾರೆ. ಭಾಗವಹಿಸದ ದೇಶ ತನ್ನ ವಾದವನ್ನು ಇನ್ನೊಬ್ಬರ ಅಂಕಿಯಿಂದ ಮಾಡಬೇಕಾಗುತ್ತದೆ.

ಮೊದಲನೆಯದಕ್ಕೆ, ಉಪಕರಣದ ಪಟ್ಟಿಯಿಂದ ಶುರು ಮಾಡಬೇಡಿ. ಮೊದಲು ತೂಕದ ಕೋಣೆ: ಉಷ್ಣತೆ, ತೇವ ಸ್ಥಿರ, ಕಂಪನ ಇಲ್ಲದ ಕಲ್ಲು. ಆಮೇಲೆ ಶುದ್ಧತೆ ನಿಗದಿ ಮಾಡುವ ತಂಡ. ಆಮೇಲೆ ಲೋಹಗಳ ಕ್ಯಾಲಿಬ್ರೇಶನ್ ದ್ರಾವಣ. ಮ್ಯಾಟ್ರಿಕ್ಸ್ ಸಿಆರ್‌ಎಂ ಇವೆಲ್ಲ ಆದ ಮೇಲೆ. ಯಾವ ವಸ್ತು ಅನ್ನುವುದಕ್ಕೆ ಮೂರು ಪ್ರಶ್ನೆ ಸಾಕು: ಈ ಅಳತೆಯ ಮೇಲೆ ಎಷ್ಟು ನಿರ್ಧಾರಗಳು ನಿಂತಿವೆ, ಫಲಿತಾಂಶಗಳು ಮಿತಿಯ ಹತ್ತಿರ ಎಷ್ಟು ಒತ್ತಾಗಿವೆ, ಕೊಳ್ಳಲು ಸಿಗುತ್ತದೆಯೇ. ಮೂರನೆಯದಕ್ಕೆ ಹೌದು ಅಂದರೆ ಕೊಳ್ಳಿ, ಮಾಡಬೇಡಿ. ಲೆಕ್ಕಪತ್ರ ಅವರ ವಾದ ಅಲ್ಲಿ ನೂರಕ್ಕೆ ನೂರು ಸರಿ.

ಮ್ಯಾಟ್ರಿಕ್ಸ್ ಸಿಆರ್‌ಎಂಗೆ ಸಮಯ ಹಿಡಿಯುವುದು ಅಳೆಯುವುದರಲ್ಲಲ್ಲ. ಕ್ಯಾಡ್ಮಿಯಂ ಇರುವ ಅಕ್ಕಿ ಹಿಟ್ಟು ಅನ್ನಿ. ಬೀಸಿ, ಜರಡಿ ಹಿಡಿದು, ಬೆರೆಸಿ, ಬಾಟಲಿಗೆ ತುಂಬಿದ ಮೇಲೆ ಸಾಲಿನ ಉದ್ದಕ್ಕೂ ಹತ್ತು ಬಾಟಲಿ ಆಯ್ದು ಪ್ರತಿಯೊಂದರಿಂದ ಎರಡು ಮೂರು ಸಲ ತೆಗೆದು ಬಾಟಲಿ ಬಾಟಲಿಗೆ ವ್ಯತ್ಯಾಸ ಇದೆಯೇ ನೋಡಬೇಕು. ಬಾಟಲಿಗಳನ್ನು ಮೈನಸ್ 80, 4, 25, 40 ಡಿಗ್ರಿಗಳಲ್ಲಿ ಬೇರೆ ಬೇರೆ ಅವಧಿಗೆ ಇಟ್ಟು, ಕೊನೆಗೆ ಎಲ್ಲವನ್ನೂ ಒಂದೇ ದಿನ ಒಂದೇ ಓಟದಲ್ಲಿ ಅಳೆಯಬೇಕು. ಇಲ್ಲದಿದ್ದರೆ ಉಪಕರಣದ ಅಲೆದಾಟ ಹಿಟ್ಟಿನ ಕೆಡುವಿಕೆಯಂತೆ ಕಾಣುತ್ತದೆ. ಮಾರಾಟದ ಮೇಲೂ ಪ್ರತಿ ವರ್ಷ ಒಂದೆರಡು ಬಾಟಲಿ ತೆಗೆದು ಪರೀಕ್ಷಿಸುತ್ತಿರಬೇಕು. ಹಿಟ್ಟು ತೇವ ಹೀರುತ್ತದೆ, ಆದ್ದರಿಂದ ಒಣತೂಕಕ್ಕೆ ಯಾವ ಉಷ್ಣತೆಯಲ್ಲಿ ಎಷ್ಟು ಹೊತ್ತು ಒಣಗಿಸಬೇಕು ಎಂದು ಪ್ರಮಾಣಪತ್ರದಲ್ಲೇ ಬರೆಯದಿದ್ದರೆ ಅಷ್ಟೂ ಶ್ರಮ ನೀರಲ್ಲಿ ಹೋಮ.

ಬೂಷ್ಟುಬೇಟೆ

ಈ ಕ್ರಮಕ್ಕೆ ನನ್ನ ತಕರಾರಿದೆ. ಸಿಆರ್‌ಎಂ ಮಾಡಲು ಹೋಗಿ ಐದು ವರ್ಷ ಕಳೆಯುವ ಮೊದಲು, ಯಾವುದನ್ನು ಅಳೆಯಬೇಕು ಅನ್ನುವುದೇ ತಪ್ಪಾಗಿದೆಯೇ ನೋಡಿ. 2008ರ ಚೀನಾದ ಹಾಲಿಗೆ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆಸಿದ ಪ್ರಕರಣದಲ್ಲಿ ಪ್ರೋಟೀನ್ ಎಂದು ಅಳೆದದ್ದು ಕೆಲ್ಡಾಲ್ (Kjeldahl) ವಿಧಾನದ ಸಾರಜನಕವನ್ನು. ಮೆಲಮೈನ್‌ನಲ್ಲಿ 66.6% ಸಾರಜನಕ, 6.38ರಿಂದ ಗುಣಿಸಿದರೆ ಒಂದು ಗ್ರಾಂ ಮೆಲಮೈನ್ 4.25 ಗ್ರಾಂ ಪ್ರೋಟೀನ್ ಆಗಿ ಕಾಣುತ್ತದೆ. ಹಾಲಿಗೆ ಹತ್ತರಲ್ಲೊಂದು ಪಾಲು ನೀರು ಸೇರಿಸಿದ್ದನ್ನು ಮುಚ್ಚಲು ಲೀಟರ್‌ಗೆ ಮುಕ್ಕಾಲು ಗ್ರಾಂ ಸಾಕು. ಕೆಲ್ಡಾಲ್ ಫಲಿತಾಂಶಗಳು ಪ್ರತಿ ಲ್ಯಾಬ್‌ನಲ್ಲೂ ಎಷ್ಟೇ ಕರಾರುವಾಕ್ಕಾಗಿದ್ದರೂ ಇದು ಸಿಗುವುದಿಲ್ಲ. ಟ್ರೈಕ್ಲೋರೊ ಅಸಿಟಿಕ್ ಆಮ್ಲದಿಂದ ಪ್ರೋಟೀನನ್ನು ಗಸಿಯಾಗಿ ಕೆಳಗಿಳಿಸಿ, ಆ ಗಸಿಯಲ್ಲಿ ಸಾರಜನಕ ನೋಡಿದ್ದರೆ ಮೆಲಮೈನ್ ಸೋಸಿದ ನೀರಿನಲ್ಲೇ ಉಳಿಯುತ್ತಿತ್ತು. ಮಾಪನ ಸಂಶೋಧಕರ ಮೊದಲ ಕೆಲಸ ನಿಯಮ ಬರೆಯುವವರ ಪಕ್ಕ ಕೂತು ಇಂಥ ಪ್ರಶ್ನೆ ಕೇಳುವುದು. ಅದಕ್ಕೆ ಹಣ ಕಡಿಮೆ, ಫಲ ಬೇಗ.

ಮೋಲ್‌ಮಾಪಕ

ತಕರಾರು ನ್ಯಾಯ. ಒಟ್ಟೊಟ್ಟಿಗೆ ನಡೆಯಲಿ.

ಬೇಗ ಫಲ ಕೊಡುವ ಇನ್ನೊಂದು ಇದೆ. ಸಿಆರ್‌ಎಂ ತಯಾರಾಗುವ ತನಕ ಕಾಯದೆ, ಈಗಿನ ಪಿಟಿ ಸುತ್ತುಗಳ ಮಾದರಿಗಳಿಗೆ ಸಂಸ್ಥೆಯೇ ಐಡಿಎಂಎಸ್‌ನಿಂದ ಮೌಲ್ಯ ನಿಗದಿ ಮಾಡಿ ಕೊಡುವುದು. ವರ್ಷಗಟ್ಟಲೆ ಸ್ಥಿರತೆ ಬೇಕಿಲ್ಲ, ಸುತ್ತು ಮುಗಿಯುವ ತನಕ ಉಳಿದರೆ ಸಾಕು. ಆ 70 ಲ್ಯಾಬ್‌ಗಳ ಸಾಮೂಹಿಕ 4% ಮೊದಲ ಸುತ್ತಿನಲ್ಲೇ ಬಯಲಾಗುತ್ತದೆ.

ಲೆಕ್ಕಪತ್ರ

ಇದು ನನ್ನಂಥವರಿಗೆ ಮಾರಬಹುದಾದ ಪ್ರಸ್ತಾಪ. ನಿಗದಿ ಮಾಡುವ ಮೌಲ್ಯ ಎಷ್ಟು ಬಿಗಿಯಾಗಿರಬೇಕು? ಕೈಲಾದಷ್ಟೂ ಅನ್ನಬೇಡಿ, ಹಣ ಕೇಳುವವರೆಲ್ಲ ಅದನ್ನೇ ಹೇಳುತ್ತಾರೆ.

ಮೋಲ್‌ಮಾಪಕ

ಕೈಲಾದಷ್ಟೂ ಬೇಡವೇ ಬೇಡ. ಪಿಟಿ ಲೆಕ್ಕಾಚಾರದ ಮಾನದಂಡ ಐಎಸ್‌ಒ 13528ರ ಸಾಮಾನ್ಯ ಅಳತೆಗೋಲು: ನಿಗದಿ ಮೌಲ್ಯದ ಪ್ರಮಾಣಿತ ಅನಿಶ್ಚಿತತೆ, ಸುತ್ತಿನ ಸಿಗ್ಮಾದ 0.3 ಪಟ್ಟಿಗಿಂತ ಕಡಿಮೆ ಇರಬೇಕು. ಸಿಗ್ಮಾ 1.5% ಇರುವ ಕ್ಲಿನಿಕಲ್ ಸುತ್ತಿಗೆ 0.45%, ಐಡಿಎಂಎಸ್‌ಗೆ ಶ್ರಮದ ಕೆಲಸ, ಆದರೆ ಆಗುತ್ತದೆ. ಕೆ.ಜಿ.ಗೆ ಕೆಲವೇ ಮೈಕ್ರೋಗ್ರಾಂ ಮಟ್ಟದ ಮೈಕೋಟಾಕ್ಸಿನ್ (ಬೂಷ್ಟಿನ ವಿಷ) ಸುತ್ತುಗಳಲ್ಲಿ, ಲ್ಯಾಬ್‌ಗಳ ನಡುವಿನ ಹರವನ್ನು ಅಂದಾಜಿಸುವ ಹಾರ್ವಿಟ್ಜ್ ಸೂತ್ರಕ್ಕೆ ಥಾಂಪ್ಸನ್ ಮಾಡಿದ ತಿದ್ದುಪಡಿಯಂತೆ ಸಿಗ್ಮಾ 22%, ಅಲ್ಲಿ 6.6% ಸಾಕು. ಬೂಷ್ಟುಬೇಟೆ ಅವರ ಸ್ಲರಿಯನ್ನು ಸರಿಯಾಗಿ ಬೆರೆಸಿ ಬಾಟಲಿಗೆ ತುಂಬಿದ್ದರೆ ಅಷ್ಟನ್ನು ಮುಟ್ಟಲು ಹೊಸ ಉಪಕರಣ ಬೇಕಿಲ್ಲ, ಕಾರ್ಬನ್-13 ಸ್ಪೈಕ್ ಮತ್ತು ಅದರ ಸಾಂದ್ರತೆಯನ್ನು ನಂಬುವಂತೆ ಅಳೆದಿಟ್ಟ ಒಂದು ಆಂಪೂಲ್ ಸಾಕು.